ಅಣ್ಣನ ಬೆನ್ನ ಮೇಲಿನ ಮೀಟರು

ಆ ವಿಷಯವನ್ನು ನಾನು ಮೊದಲು ಹೇಳಿಕೊಂಡದ್ದು ನನ್ನ ಡೈರಿಯ ಹತ್ತಿರ. ಡೈರಿಯ ಜೊತೆ ಮಾತಾಡುವುದರಲ್ಲಿ ಒಂದು ಅನುಕೂಲವಿದೆ. ಅದು "ಏನಂದೆ? ಸ್ವಲ್ಪ ಗಟ್ಟಿಯಾಗಿ ಹೇಳು" ಎನ್ನುವುದಿಲ್ಲ. ಬರೆದದ್ದು ಇಷ್ಟೇ: 'ಅಣ್ಣನ ಬೈಕು ಮೂರನೆಯ ಗೇರಿಗೆ ಬಿದ್ದ ಕೂಡಲೇ ನನ್ನ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ನಾನಾಗಿ ಮುಚ್ಚುವುದಲ್ಲ. ಬೈಕು ನಿಂತ ಮೇಲೆ ಅವೇ ತೆರೆದುಕೊಳ್ಳುತ್ತವೆ. ನಡುವೆ ಏನಾಯಿತೆಂದು ನನಗೆ ಗೊತ್ತಿಲ್ಲ. ಇದು ಯಾರಿಗೂ ತಿಳಿಯಬಾರದು.'

ಬೇರೆಯವರಿಗೆ ಇದೊಂದು ಚಿಂತೆಯೇ ಅಲ್ಲ. ಹಿಂದಿನ ಸೀಟಿನಲ್ಲಿ ಕೂತವರು ಕಣ್ಣು ಮುಚ್ಚಿದರೆ ಲೋಕಕ್ಕೇನು ನಷ್ಟ? ಆದರೆ ನನ್ನನ್ನು ಆ ಸೀಟಿನಲ್ಲಿ ಕೂರಿಸಿದ್ದೇ ಕಣ್ಣು ಬಿಟ್ಟು ನೋಡಲಿ ಎಂದು.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಜನರನ್ನು ಮೆಲ್ಲಗೆ, ಎಲ್ಲೂ ಜರ್ಕ್ ಹೊಡೆಯದಂತೆ ಮೇಲೆ ಕೆಳಗೆ ಕಳಿಸುವುದು ಅವನ ಉದ್ಯೋಗ. ಅದರ ಮೇಲೆ ಸೇಡು ತೀರಿಸಿಕೊಳ್ಳಲೆಂದೋ ಏನೋ, ಅವನಿಗೆ ಡ್ರ್ಯಾಗ್ ರೇಸಿನ ಹುಚ್ಚು ಹಿಡಿಯಿತು. ಡ್ರ್ಯಾಗ್ ರೇಸ್ ಎಂದರೆ ನೇರವಾದ ರಸ್ತೆ, ಪಕ್ಕಪಕ್ಕದಲ್ಲಿ ಎರಡು ಬೈಕು, ಕಾಲು ಮೈಲಿ ದೂರ, ಹನ್ನೊಂದು ಸೆಕೆಂಡಿನ ಓಟ. ಸೀನು ಬಂದರೆ ಅರ್ಧ ರೇಸು ತಪ್ಪಿಹೋಗುತ್ತದೆ. ಆ ಹನ್ನೊಂದು ಸೆಕೆಂಡಿಗಾಗಿ ಅವನು ಹನ್ನೊಂದು ತಿಂಗಳು ನಮ್ಮ ಮನೆಯ ಮುಂದಿನ ಶೆಡ್ಡಿನಲ್ಲಿ ಅಂಗಾತ ಮಲಗಿದ್ದ. ದಿನವೂ ಕೆಲಸಕ್ಕೆ ಹೋಗುತ್ತಿದ್ದ ಬೈಕನ್ನೇ ಬಿಚ್ಚಿ, ಗುಜರಿಯಿಂದ ತಂದ ಡೀಸೆಲ್ ಕಾರಿನ ಟರ್ಬೊವನ್ನು ಅದಕ್ಕೆ ಜೋಡಿಸಿದ.

ಟರ್ಬೊ ನೋಡಲು ಕಬ್ಬಿಣದ ಬಸವನಹುಳು. ಇಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೇ ತಿರುಗಿ, ಅದೇ ಇಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ. ಒಲ್ಲದ ಮಗುವಿನ ಮೂಗು ಹಿಡಿದು ತುತ್ತು ತುರುಕುವ ತಾಯಂದಿರನ್ನು ನೋಡಿದವರಿಗೆ ತತ್ವ ಕೂಡಲೇ ಹೊಳೆಯುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲೂ ಹೆಚ್ಚಾಗಬೇಕು. ಒಂದು ಪಾಲು ಪೆಟ್ರೋಲಿಗೆ ಹನ್ನೊಂದೂವರೆ ಪಾಲು ಗಾಳಿ ಇದ್ದರೆ ಕ್ಷೇಮ. ಅದು ಹದಿಮೂರು ಹದಿನಾಲ್ಕಕ್ಕೆ ಏರಿತೋ, ಒಳಗೆ ಬೆಂಕಿ ಹದ ಮೀರುತ್ತದೆ. ಮೀರಿದರೆ ಏನಾಗುತ್ತದೆ ಎಂದು ಅಣ್ಣನಿಗೆ ನೆರವಾಗಲು ಬಂದಿದ್ದ ಮೇಸ್ತ್ರಿ ಮೊದಲ ದಿನವೇ ವಿವರಿಸಿದ್ದ. ಪಿಸ್ಟನ್ನಿನ ತಲೆ ಕರಗಿ ತೂತು ಬೀಳುತ್ತದೆ, ಇಂಜಿನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಸವಾರ ಏನಾಗುತ್ತಾನೆ ಎಂದು ಅಮ್ಮ ಕೇಳಿದ್ದಕ್ಕೆ ಅವನು ಸ್ಕ್ರೂಡ್ರೈವರಿನಿಂದ ಆಕಾಶದ ಕಡೆಗೆ ತೋರಿಸಿ ಟೀ ಕುಡಿದ.

ಮೇಸ್ತ್ರಿ ನಲವತ್ತು ವರ್ಷ ಲಾರಿಗಳ ಟರ್ಬೊ ಬಿಚ್ಚಿದವನು. ಅಷ್ಟು ವರ್ಷ ಆ ಶಿಳ್ಳೆ ಕೇಳಿ ಕಿವಿ ಮುಕ್ಕಾಲು ಹೋಗಿತ್ತು. ಹಾಗಾಗಿ ಇಂಜಿನ್ನಿನ ಸದ್ದು ಕೇಳಿ ಹದ ಹೇಳುವ ಕಾಲ ಮುಗಿದು, ಗಾಳಿ ಪೆಟ್ರೋಲಿನ ಪಾಲನ್ನು ತೋರಿಸುವ ಮೀಟರೊಂದನ್ನು ತರಿಸಿದರು. ಸೈಲೆನ್ಸರಿನ ಕೊಳವೆಯಿಂದ ಒಂದು ವಯರು, ವಯರಿನ ತುದಿಗೆ ಕೆಂಪು ಅಂಕಿ ಮಿನುಗುವ ದುಂಡನೆಯ ಮೀಟರು. ಟ್ಯಾಂಕಿನ ಮೇಲೆ ಅಂಟಿಸಿದರೆ ಅದುರಿ ಉದುರಿತು. ಹ್ಯಾಂಡಲಿಗೆ ಕಟ್ಟಿದರೆ, ಅಣ್ಣ ಅದನ್ನೇ ನೋಡುತ್ತಾ ಒಂದು ಕಾಂಪೌಂಡಿನ ಒಳಗೆ ಹೋಗಿಬಂದ. ಕಡೆಗೆ ಮಾವನ ಸೊಂಟನೋವಿನ ಬೆಲ್ಟನ್ನು ಅಣ್ಣನಿಗೆ ಬಿಗಿದು, ಮೀಟರನ್ನು ಅವನ ಬೆನ್ನಿಗೆ ಸಿಕ್ಕಿಸಿದರು. ಇನ್ನು ಹಿಂದೆ ಕೂತು ಅದನ್ನು ಓದುವವರು ಯಾರು ಎಂಬ ಪ್ರಶ್ನೆ ಬಂತು. ಮೇಸ್ತ್ರಿ ನೂರಾ ಹತ್ತು ಕಿಲೋ. ಅವನು ಕೂತರೆ ಮುಂದಿನ ಚಕ್ರ ನೆಲ ಮುಟ್ಟುವುದಿಲ್ಲ. ಬೆಲ್ಟು ಕೊಟ್ಟ ಮಾವ ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಪದವೀಧರೆ, ನಲವತ್ತೈದು ಕಿಲೋ, ಮನೆಯಲ್ಲೇ ಇದ್ದೆ. ಇವೆಲ್ಲಕ್ಕಿಂತ ದೊಡ್ಡ ಅರ್ಹತೆ, ಹುಟ್ಟಿದಾರಭ್ಯ ಯಾರಿಗೂ 'ಇಲ್ಲ' ಎಂದವಳಲ್ಲ.

ಮುಚ್ಚಿಹೋದ ಕಾರ್ಖಾನೆಯೊಂದರ ಒಳರಸ್ತೆ ನಮ್ಮ ಪ್ರಯೋಗಶಾಲೆ. ಕಾವಲುಗಾರನ ಮನೆಯ ಮಿಕ್ಸಿಯನ್ನು ಅಣ್ಣ ಸರಿಮಾಡಿಕೊಟ್ಟಿದ್ದರಿಂದ ಗೇಟು ತೆರೆದಿರುತ್ತಿತ್ತು. ಮೊದಲ ಓಟದಲ್ಲಿ ಒಂದನೇ ಗೇರಿನಲ್ಲಿ ನಾನು ಮೀಟರಿನತ್ತ ನೋಡುತ್ತಿದ್ದೆ. ಎರಡನೇ ಗೇರಿನಲ್ಲಿ ಮೀಟರು ನನ್ನತ್ತ ನೋಡುತ್ತಿತ್ತು. ಮೂರನೇ ಗೇರಿನ ಬಗ್ಗೆ ಆಗಲೇ ಹೇಳಿದ್ದೇನೆ. ಕಣ್ಣು ಬಿಟ್ಟಾಗ ಬೈಕು ನಿಂತಿತ್ತು, ಮೇಸ್ತ್ರಿ ಏದುಸಿರು ಬಿಡುತ್ತಾ ಓಡಿಬರುತ್ತಿದ್ದ.

"ಎಷ್ಟಿತ್ತು ತಾಯೀ? ಹನ್ನೊಂದೂವರೆ ಇರ್ಬೇಕಲ್ಲ?"

ನಾನು ತಲೆಯಾಡಿಸಿದೆ. ಹೆದರಿಕೆಗೆ ನನ್ನ ತಲೆ ಆಗಲೇ ಅಲ್ಲಾಡುತ್ತಿತ್ತು ಎಂದು ವಾದಿಸಬಹುದು. ಆದರೆ ಅದು ಅಲ್ಲಾಡಿದ್ದು ಮೇಲೆ ಕೆಳಗೆ.

ಮೇಸ್ತ್ರಿ ಖುಷಿಯಿಂದ ಟರ್ಬೊದ ಒತ್ತಡದ ತಿರುಪನ್ನು ಒಂದು ಸುತ್ತು ಬಿಗಿ ಮಾಡಿದ. ಬಿಗಿ ಮಾಡಿದಷ್ಟೂ ಗಾಳಿ ಹೆಚ್ಚು, ವೇಗ ಹೆಚ್ಚು. ಅಲ್ಲಿಂದ ಮುಂದೆ ಅದೇ ನಿಯಮವಾಯಿತು. ಪುಸ್ತಕದಲ್ಲಿ ಹನ್ನೊಂದೂವರೆಯ ಆಸುಪಾಸು ಅಂಕಿ ಬಂದರೆ ಒಂದು ಸುತ್ತು ಬಿಗಿ.

ಪುಸ್ತಕ ನನ್ನದು. ದಿನಾಂಕ, ಹೊತ್ತು, ಗಾಳಿಯ ಬಿಸಿ, ತಿರುಪಿನ ಸುತ್ತು, ಮೂರನೇ ಗೇರಿನ ಅಂಕಿ, ನಾಲ್ಕನೇ ಗೇರಿನ ಅಂಕಿ, ಕೊನೆಗೆ ಷರಾ. ಸ್ಕೇಲಿಟ್ಟು ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ ಬರೆದೆ. ಅಂಕಿಗಳು ಎಲ್ಲಿಂದ ಬರುತ್ತಿದ್ದವು ಎಂದು ಕೇಳಿದರೆ, ನನ್ನ ವಿದ್ಯಾಭ್ಯಾಸದಿಂದ. ಮೂರು ವರ್ಷ ಭೌತಶಾಸ್ತ್ರ ಓದಿ ನಾನು ನಿಜವಾಗಿ ಕಲಿತದ್ದು ಲ್ಯಾಬ್ ರೆಕಾರ್ಡ್ ಬರೆಯುವ ಕಲೆ. ಅಲ್ಲಿ ಮೊದಲು ಉತ್ತರ, ಆಮೇಲೆ ಪ್ರಯೋಗ. ಗುರುತ್ವಾಕರ್ಷಣೆ ಒಂಬತ್ತು ಪಾಯಿಂಟ್ ಎಂಟು ಬರಲೇಬೇಕು. ಬರದಿದ್ದರೆ ತಪ್ಪು ಲೋಲಕದ್ದು. ಎಲ್ಲ ಸಾಲಿನಲ್ಲೂ ಹನ್ನೊಂದೂವರೆ ಎಂದೇ ಬರೆದರೆ ಸಂಶಯ ಬರುತ್ತದೆಂಬುದೂ ಗೊತ್ತಿತ್ತು. ಒಮ್ಮೆ ಹನ್ನೊಂದು ಪಾಯಿಂಟ್ ನಾಲ್ಕು, ಒಮ್ಮೆ ಪಾಯಿಂಟ್ ಆರು, ಸೆಕೆಯ ದಿನ ಪಾಯಿಂಟ್ ಏಳು. ಹೀಗೆ ಸುಳ್ಳಿಗೂ ಒಂದು ಉಸಿರಾಟ ಕೊಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಕುಡಿದ ಹಾಲಿನ ಅಳತೆಯನ್ನು ಎರಡು ಬಣ್ಣದಲ್ಲಿ ಬರೆದಿಟ್ಟ ಬೆಕ್ಕು ನಾನೊಬ್ಬಳೇ ಇರಬೇಕು.

ಇದು ಅಣ್ಣ, ಮೇಸ್ತ್ರಿ, ನಾನು ಮೂವರಲ್ಲೇ ಉಳಿಯುತ್ತಿತ್ತೇನೋ. ಆದರೆ ಪುಸ್ತಕ ಮಾವನ ಕೈಗೆ ಸಿಕ್ಕಿತು.

ಮಾವ ಅಮ್ಮನ ಅಣ್ಣ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಗೆ ಹೋದರೆ ಇವತ್ತಿಗೂ ಅಂಗಡಿಯವರು ತಕ್ಕಡಿ ಒರೆಸುತ್ತಾರೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಓದಿ ಮುಗಿಸಿದಾಗ ಕಣ್ಣು ತೇವವಾಗಿದ್ದವು.

"ಮೂವತ್ತೆರಡು ವರ್ಷದ ಸರ್ವಿಸ್‌ನಲ್ಲಿ ಇಷ್ಟು ಪ್ರಾಮಾಣಿಕವಾದ ಅಂಕಿ ನಾನು ನೋಡಿಲ್ಲ," ಎಂದರು ಅಮ್ಮನಿಗೆ. "ನೋಡು, ಸೆಕೆ ಇದ್ದ ದಿನ ಹೇಗೆ ಒಂಚೂರು ಏರಿದೆ. ಸುಳ್ಳು ಬರೆಯೋರಿಗೆ ಇದು ಹೊಳೆಯುತ್ತಾ?"

ಹೊಳೆಯುತ್ತದೆ ಎಂದು ಹೇಳಬಹುದಾಗಿತ್ತು. ನಾನು ಟೀ ಲೋಟ ತೊಳೆಯಲು ಹೋದೆ.

ಮರುದಿನದಿಂದ ಮಾವ ಕಾರ್ಖಾನೆಯ ರಸ್ತೆಗೂ ಬರತೊಡಗಿದರು, ಒಂದು ಮಡಿಸುವ ಕುರ್ಚಿ ಮತ್ತು ನಿವೃತ್ತಿಯಾದ ದಿನ ಜೇಬಿನಲ್ಲೇ ಮನೆಗೆ ಬಂದಿದ್ದ 'ಪರಿಶೀಲಿಸಲಾಗಿದೆ' ಎಂಬ ರಬ್ಬರ್ ಮುದ್ರೆಯ ಸಮೇತ. ಹಳೆಯ ಸಾಲುಗಳೂ ಸೇರಿ ಪ್ರತಿ ಓಟದ ಸಾಲಿಗೂ ಮುದ್ರೆ ಬೀಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹದಿನಾಲ್ಕನೆಯ ಓಟದ ದಿನ ಧೈರ್ಯಮಾಡಿ, ಷರಾ ಎಂಬಲ್ಲಿ ಇರುವೆಯ ಕಾಲಿನಷ್ಟು ಅಕ್ಷರದಲ್ಲಿ 'ಕಣ್ಣು ಮುಚ್ಚಿತ್ತು' ಎಂದು ಬರೆದೆ. ಓದಿ ಬೈದರೆ ಬೈಯಲಿ. ಮಾವ ಮುದ್ರೆಗೆ ಹಾ ಎಂದು ಉಸಿರು ಊದಿ, ಸರಿಯಾಗಿ ಅದರ ಮೇಲೆಯೇ ಒತ್ತಿದರು. ನನ್ನ ತಪ್ಪೊಪ್ಪಿಗೆಯನ್ನೂ ಪರಿಶೀಲಿಸಲಾಯಿತು.

ಇತ್ತ ಬೀದಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ಎದುರುಮನೆಯಲ್ಲಿ ನಿವೃತ್ತ ಹೆಡ್‌ನರ್ಸ್ ಒಬ್ಬರಿದ್ದಾರೆ. ಇಡೀ ಬೀದಿಗೆ ಅವರು ಸಿಸ್ಟರ್. ಅಣ್ಣ ಬೆಲ್ಟು ಬಿಗಿದು, ಬೆನ್ನಿನಲ್ಲಿ ಕೆಂಪು ಅಂಕಿ ಮಿನುಗಿಸುತ್ತಾ, ವಯರು ತೂಗಾಡಿಸಿಕೊಂಡು ಬೆಳಗ್ಗೆ ಬೆಳಗ್ಗೆ ಹೊರಡುವುದನ್ನೂ, ಹಿಂದೆ ತಂಗಿ ಪುಸ್ತಕ ಹಿಡಿದು ಬಿಳಿಚಿಕೊಂಡು ಹೋಗುವುದನ್ನೂ ಅವರು ಕಿಟಕಿಯಿಂದ ನೋಡಿದ್ದರು. ಎರಡು ವಾರ ತಡೆದು, ಮೂರನೆಯ ವಾರ ಅಮ್ಮನ ಕೈ ಹಿಡಿದುಕೊಂಡು, ಈ ವಯಸ್ಸಿಗೇ ಹುಡುಗನಿಗೆ ಹೃದಯದ ತೊಂದರೆಯೇ ಎಂದು ಕೇಳಿದರು. ಅಮ್ಮ ಅದು ಗಾಳಿಯ ಮೀಟರು ಎಂದಳು. ಹಾಗಾದರೆ ಶ್ವಾಸಕೋಶ ಎಂದು ಸಿಸ್ಟರ್ ತೀರ್ಮಾನಿಸಿದರು. ಹನ್ನೊಂದೂವರೆ ಎಂಬುದನ್ನು ಕೇಳಿ, ರಕ್ತದ ಅಂಶ ಕಡಿಮೆಯೇ ಆಯಿತು, ಸೊಪ್ಪು ತಿನ್ನಿಸಿ ಎಂದರು. ಮಾವ ಹೋಗಿ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿಕೊಟ್ಟ ಮೇಲೆ ಅವರಿಗೆ ನನ್ನ ಮೇಲೆ ಅಪಾರ ಗೌರವ ಹುಟ್ಟಿತು. ಐಸಿಯುವಿನಲ್ಲಿ ಚಾರ್ಟು ಬರೆದವರಿಗೆ ಮಾತ್ರ ಇದರ ಕಷ್ಟ ಗೊತ್ತು, ಕಣ್ಣು ಮಿಟುಕಿಸುವ ಹಾಗಿಲ್ಲ ಎಂದು ನನ್ನ ತಲೆ ಸವರಿದರು. ಆ ಸಂಜೆಯಿಂದ ಬೀದಿಯಲ್ಲಿ ನನಗೆ ಮೀಟರಮ್ಮ ಎಂಬ ಹೆಸರಾಯಿತು.

ಒಂದು ಮಧ್ಯಾಹ್ನ ಅಮ್ಮ ಬಟ್ಟೆ ಮಡಿಸುತ್ತಿದ್ದಾಗ ಹೇಳಿಬಿಡೋಣವೆಂದು ಹತ್ತಿರ ಕೂತೆ.

"ಅಮ್ಮ, ಆ ಮೀಟರು..." ಎಂದೆ.

"ಆ ಮೀಟರಿಗೆ ಕೈ ಮುಗೀಬೇಕು ಕಣೇ," ಎಂದಳು ಅಮ್ಮ. "ಮನೆಗೆ ಯಾರಾದ್ರೂ ಬಂದ್ರೆ ಬಾಗಿಲ ಹಿಂದೆ ನಿಂತ್ಕೋತಿದ್ದೋಳು ನೀನು. ಈಗ ನಾಲ್ಕು ಜನ ನಿನ್ನ ಮಾತಿಗೆ ಕಾಯ್ತಾರೆ. ನಿಮ್ಮ ದೊಡ್ಡಮ್ಮ ಫೋನ್ ಮಾಡಿದ್ದಳು, ಮಗಳು ಏನ್ ಮಾಡ್ತಿದಾಳೆ ಅಂತ. ಇಂಜಿನ್ ನೋಡ್ಕೋತಾಳೆ ಅಂದೆ. ಎರಡು ನಿಮಿಷ ಅವಳಿಗೆ ಮಾತೇ ಹೊರಡಲಿಲ್ಲ."

ದೊಡ್ಡಮ್ಮನನ್ನು ಎರಡು ನಿಮಿಷ ಸುಮ್ಮನಿರಿಸಿದ ಮೊದಲ ಘಟನೆ ಅದು. ಅದನ್ನು ಅಮ್ಮನಿಂದ ಕಿತ್ತುಕೊಳ್ಳುವ ಅಧಿಕಾರ ನನಗಿರಲಿಲ್ಲ. ನಾನೂ ಒಂದು ಟವೆಲ್ ಮಡಿಸಿದೆ.

ಆದರೆ ಪುಸ್ತಕಕ್ಕೆ ಹೇಳಬಹುದಾದ ಸುಳ್ಳನ್ನು ಇಂಜಿನ್ನಿಗೆ ಹೇಳಲು ಬರುವುದಿಲ್ಲ. ಹದಿನೆಂಟನೆಯ ಓಟ ಮುಗಿದ ಮೇಲೆ ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಪ್ಲಗ್ಗಿನ ಮೂತಿ ಕಾಫಿಪುಡಿಯ ಬಣ್ಣಕ್ಕೆ ಇದ್ದರೆ ಒಳಗೆಲ್ಲ ಸುಖ. ಇದು ಸುಣ್ಣದ ಹಾಗೆ ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಒಳಗೆ ಬೆಂಕಿ ಹದ ಮೀರಿದೆ ಎಂಬುದಕ್ಕೆ ನಲವತ್ತು ವರ್ಷಗಳಿಂದ ಅವನು ನಂಬಿದ ಸಾಕ್ಷಿ ಅದು. ಅವನು ಪ್ಲಗ್ಗನ್ನು ನೋಡಿದ, ಪುಸ್ತಕವನ್ನು ನೋಡಿದ. ಈಗ ಹೊರಬಿತ್ತು ಎಂದುಕೊಂಡೆ. ಪುಸ್ತಕದಲ್ಲಿ ಎರಡು ಬಣ್ಣದ ಶಾಯಿ ಇತ್ತು, ಮುದ್ರೆ ಇತ್ತು. ಪ್ಲಗ್ಗಿನ ಮೇಲೆ ಏನೂ ಇರಲಿಲ್ಲ.

"ಪ್ಲಗ್ಗು ಡೂಪ್ಲಿಕೇಟ್," ಎಂದು ಅದನ್ನು ಎಸೆದ.

ಹೊಸ ಪ್ಲಗ್ಗೂ ಬೆಳ್ಳಗಾಯಿತು. ಅದರ ನಂತರದ್ದೂ ಬೆಳ್ಳಗಾಯಿತು. ಈಗ ಸಂಶಯ ಪೆಟ್ರೋಲಿನ ಮೇಲೆ ಹೋಯಿತು. ಮಾವ ಐದು ಲೀಟರಿನ ತಮ್ಮ ಹಿತ್ತಾಳೆಯ ಅಳತೆ ಪಾತ್ರೆ ಹಿಡಿದು, ಹಳೆಯ ಕೋಟು ತೊಟ್ಟು ಪೆಟ್ರೋಲ್ ಬಂಕಿಗೆ ದಾಳಿ ಮಾಡಿದರು. ನಿವೃತ್ತಿಯಾಗಿದೆ ಎಂದು ಮಾವನೂ ಹೇಳಲಿಲ್ಲ, ಬಂಕಿನವರೂ ಕೇಳಲಿಲ್ಲ. ಮ್ಯಾನೇಜರು ಮೂರು ಪಂಪಿನಲ್ಲೂ ಅಳತೆ ಕೊಟ್ಟ, ಕುರ್ಚಿ ಕೊಟ್ಟ, ಟೀ ಕೊಟ್ಟ. ಅಳತೆ ಒಂದು ಹನಿ ಕಡಿಮೆಯಿರಲಿಲ್ಲ, ಪೆಟ್ರೋಲು ಶುದ್ಧವಾಗಿತ್ತು. ಲೋಕದಲ್ಲಿ ಪ್ಲಗ್ಗು ಸಾಚಾ, ಪೆಟ್ರೋಲು ಸಾಚಾ, ಬಂಕು ಸಾಚಾ. ಉಳಿದದ್ದು ನಾನು. ನನ್ನನ್ನು ಮಾತ್ರ ಯಾರೂ ಅಳೆಯಲಿಲ್ಲ.

ಪ್ರತಿ ಓಟದ ಮುಂಚೆಯೂ ಇವತ್ತು ಕಣ್ಣು ಬಿಟ್ಟೇ ಬಿಡುತ್ತೇನೆ ಎಂದು ಶಪಥ ಮಾಡುತ್ತಿದ್ದೆ. ರೆಪ್ಪೆಗಳನ್ನು ಬೆರಳಿನಿಂದ ಹಿಡಿಯೋಣವೆಂದರೆ ಎರಡು ಕೈಯೂ ಅಣ್ಣನ ಸೊಂಟ ಬಿಡುತ್ತಿರಲಿಲ್ಲ. ಸುತ್ತುಗಳು ಏರಿದಷ್ಟೂ ಬೈಕು ಜೋರಾಯಿತು, ಬೈಕು ಜೋರಾದಷ್ಟೂ ನನ್ನ ಕಣ್ಣು ಬೇಗ ಮುಚ್ಚಿದವು. ಕೊನೆಕೊನೆಗೆ ಹೆಲ್ಮೆಟ್ ಹಾಕಿದಾಗಲೇ ಮುಚ್ಚತೊಡಗಿದವು. ಅಂಕಿಗಳು ಮಾತ್ರ ದಿನದಿಂದ ದಿನಕ್ಕೆ ಸುಂದರವಾದವು.

ರೇಸು ನಡೆದದ್ದು ಊರಾಚೆಯ ಹಳೆಯ ವಿಮಾನಪಟ್ಟಿಯಲ್ಲಿ, ಭಾನುವಾರ ಬೆಳಗ್ಗೆ. ಅಮ್ಮ, ಮಾವ, ಮೇಸ್ತ್ರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿಗೆ ಸಿಸ್ಟರ್, ಎಲ್ಲರೂ ಒಂದೇ ವ್ಯಾನಿನಲ್ಲಿ ಹೋದೆವು. ರೇಸಿನಲ್ಲಿ ಹಿಂದೆ ಯಾರೂ ಕೂರುವಂತಿಲ್ಲ ಎಂದು ತಿಳಿದಾಗ ನನಗೆ ಹೋದ ಜೀವ ಬಂತು. ಅದು ಎರಡು ನಿಮಿಷ ಇತ್ತು. ಆಮೇಲೆ ಅಣ್ಣ ಬೆಲ್ಟು ಬಿಚ್ಚಿ, ಮೀಟರನ್ನು ನನ್ನ ಕೈಯಲ್ಲಿಟ್ಟ. ಇವತ್ತು ಅವನ ಬೆನ್ನ ಮೇಲೆ ಯಾರೂ ಇಲ್ಲ, ಕೆಳಗೆ ಆ ಇಂಜಿನ್ ಮಾತ್ರ.

"ಇಷ್ಟು ದಿನ ನೀನು ನೋಡ್ಕೊಂಡೆ," ಎಂದ. "ಈಗ ನಂಗೇನೂ ಭಯ ಇಲ್ಲ ಕಣೇ."

ಅಣ್ಣ ಇಂಥ ಮಾತು ಆಡುವವನಲ್ಲ. ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ತಪಾಸಣೆಯ ಅಧಿಕಾರಿ ಬಂದರು.

ಅವರು ಬೈಕುಗಳ ಬ್ರೇಕು, ಟಯರು, ಕಾಗದ ನೋಡಿ ಚೀಟಿ ಅಂಟಿಸುವವರು. ಅಂದು ಬೆಳಗಿನಿಂದ ಎಲ್ಲರ ಮೇಲೂ ರೇಗಿ ರೇಗಿ ಕೆಂಪಾಗಿದ್ದರು. ಟ್ಯೂನಿಂಗ್ ದಾಖಲೆ ಎಲ್ಲಿ ಎಂದರೆ ಒಬ್ಬ ಸಿಗರೇಟ್ ಪ್ಯಾಕಿನ ಹಿಂಬದಿ ತೋರಿಸಿದ್ದನಂತೆ, ಇನ್ನೊಬ್ಬ ತನ್ನ ಅಂಗೈ ತೋರಿಸಿದ್ದನಂತೆ. ಮಾವ ಪುಸ್ತಕವನ್ನು ಎರಡು ಕೈಯಲ್ಲಿ ಕೊಟ್ಟರು. ಅಧಿಕಾರಿ ನಿಂತಲ್ಲೇ ನಾಲ್ಕು ಪುಟ ಓದಿದರು, ಆಮೇಲೆ ಕೂತು ಓದಿದರು. ಇಪ್ಪತ್ತಮೂರು ಓಟ, ಒಂದೊಂದಕ್ಕೂ ಮುದ್ರೆ. ಯಾರು ಬರೆದದ್ದು ಎಂದು ಕೇಳಿದರು. ಎಲ್ಲರೂ ನನ್ನನ್ನು ಮುಂದಕ್ಕೆ ತಳ್ಳಿದರು.

ಆ ಹೊತ್ತಿಗೆ ಅತ್ತ ಮೇಸ್ತ್ರಿ ಎದುರಾಳಿಯ ಬೈಕನ್ನು ನೋಡಿಕೊಂಡು ಬಂದಿದ್ದ. ಅದು ನಮ್ಮದಕ್ಕಿಂತ ದೊಡ್ಡದು. ಪುಸ್ತಕ ಇಷ್ಟು ಚೆನ್ನಾಗಿರುವಾಗ ಇನ್ನೆರಡು ಸುತ್ತಿಗೆ ಏನಾಗುತ್ತದೆ ಎಂದು ಅವನೇ ಕೇಳಿ, ಅವನೇ ಉತ್ತರ ಹೇಳಿಕೊಂಡು, ತಿರುಪನ್ನು ಎರಡು ಸುತ್ತು ಬಿಗಿ ಮಾಡಿದ. ಅಣ್ಣ ಹೆಲ್ಮೆಟ್ ಹಾಕಿಕೊಂಡು ಬೈಕನ್ನು ಓಟ ಶುರುವಾಗುವ ಗೆರೆಯತ್ತ ಉರುಳಿಸಿದ. ನಾನು ಮೇಸ್ತ್ರಿಯ ತೋಳು ಹಿಡಿದು ಏನೋ ಅಂದೆ. ಅವನು ತನ್ನ ಕೇಳದ ಕಿವಿಯನ್ನು ನನ್ನತ್ತ ಬಾಗಿಸಿ, "ಹೌದು ತಾಯೀ, ಗೆದ್ದೇ ಗೆಲ್ತಾನೆ," ಎಂದ.

ಅಧಿಕಾರಿ ಎದ್ದು ನಿಂತರು. ಹೊಸಬರಿಗೆ ಬುದ್ಧಿ ಬರಲಿ ಎಂಬ ಉತ್ಸಾಹ ಅವರಿಗೆ ಬಂದುಬಿಟ್ಟಿತ್ತು. ಅನೌನ್ಸರಿನ ಕೈಯಿಂದ ಮೈಕು ತೆಗೆದುಕೊಂಡು, ದಾಖಲೆ ಇಡುವುದು ಹೇಗೆಂದು ಈ ಹುಡುಗಿಯಿಂದ ಕಲಿಯಿರಿ, ಎಲ್ಲರೂ ಒಂದು ನಿಮಿಷ ಇಂಜಿನ್ ಆಫ್ ಮಾಡಿ ಕೇಳಿ ಎಂದು ಘೋಷಿಸಿದರು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟರು.

ನನ್ನ ಕೈಗೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಪಕ್ಕದವಳಿಂದ 'ಎಸ್ ಸಾರ್' ಹೇಳಿಸಿ ಪದವಿ ಮುಗಿಸಿದವಳ ಕೈಗೆ.

ಒಂದೊಂದಾಗಿ ಬೈಕುಗಳು ನಿಂತವು. ಆರುನೂರು ಜನ ತಿರುಗಿ ನೋಡಿದರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ದೊಡ್ಡಮ್ಮನಿಗೆ ಕಳಿಸಲು ಫೋನು ಎತ್ತಿ ಹಿಡಿದಿದ್ದಳು. ಮಾವ ತುಟಿ ಅಲ್ಲಾಡಿಸುತ್ತಾ ನನ್ನ ಪರವಾಗಿ ಭಾಷಣ ಶುರುಮಾಡಿದ್ದರು. ನಾನು ಮೈಕನ್ನು ಬಾಯಿಯ ಹತ್ತಿರ ಹಿಡಿದೆ. ವಿಮಾನಪಟ್ಟಿಯ ಉದ್ದಕ್ಕೂ ಕಂಬಗಳಿಗೆ ಕಟ್ಟಿದ್ದ ಎಲ್ಲ ಸ್ಪೀಕರುಗಳಿಂದ ನನ್ನ ಉಸಿರು ಭುಸುಭುಸು ಎಂದು ಹೊರಬಂತು. ಯಾರೋ ನಕ್ಕರು. ಅಧಿಕಾರಿ ಮೆಲ್ಲಗೆ, ಹೆದರಬೇಡಮ್ಮ, ಒಂದೇ ಒಂದು ವಾಕ್ಯ ಸಾಕು ಎಂದರು.

ದೂರದ ಗೆರೆಯಲ್ಲಿ ಅಣ್ಣ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನತ್ತ ನೋಡುತ್ತಿದ್ದ. ನಗುತ್ತಿದ್ದನೆಂದು ಕಾಣುತ್ತದೆ. ಅವನ ಬಲಗೈ ಆಗಲೇ ಹ್ಯಾಂಡಲಿನ ಮೇಲಿತ್ತು. ನನ್ನ ರೆಪ್ಪೆಗಳು ಅಭ್ಯಾಸಬಲದಿಂದ ಕೆಳಗಿಳಿಯತೊಡಗಿದವು. ಅವನ್ನು ಹೇಗೆ ತಡೆದೆನೋ ನನಗೆ ಇವತ್ತಿಗೂ ತಿಳಿಯದು.

"ಅಣ್ಣಾ, ಇಳಿ," ಎಂದೆ. ಅದು ನಾಲ್ಕು ಕಡೆಯಿಂದ ತಿರುಗಿ ನನ್ನ ಕಿವಿಗೇ ಬಂತು. ಇಷ್ಟು ದೊಡ್ಡ ದನಿ ಯಾರದಪ್ಪಾ ಎಂದು ನಾನೇ ಬೆಚ್ಚಿದೆ. "ಆ ಪುಸ್ತಕದಲ್ಲಿರೋ ಅಂಕಿ ಎಲ್ಲಾ ಸುಳ್ಳು. ಇಪ್ಪತ್ತಮೂರು ಸಲಾನೂ ನಾನು ಕಣ್ಣು ಮುಚ್ಕೊಂಡಿದ್ದೆ."